ಪೆಟಾರ್ಡ್ ಹೊತ್ತವನು ಯಾರು?

ಕನ್ನಡ ಮತ್ತು ಇಂಗ್ಲಿಷ್ ಅಧ್ಯಾಪಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ

ಮಾನ್ಯರೆ,

ಇಂಗ್ಲಿಷಿನಲ್ಲಿ ‘ಹಾಯ್ಸ್ಟ್ ವಿತ್ ಹಿಸ್ ಓನ್ ಪೆಟಾರ್ಡ್’ ಎಂಬ ನುಡಿಗಟ್ಟೊಂದಿದೆ. ಇನ್ನೊಬ್ಬರಿಗೆಂದು ಹೂಡಿದ ಸಂಚು ಹೂಡಿದವನನ್ನೇ ಬಲಿ ತೆಗೆದುಕೊಂಡಾಗ ಇಂಗ್ಲಿಷ್ ಪತ್ರಿಕೆಗಳು ಇದನ್ನು ಬಳಸುತ್ತವೆ. ಅಂಥದೇ ಸಂದರ್ಭದಲ್ಲಿ ನಮ್ಮ ಪತ್ರಿಕೆಗಳು ‘ತಿರುಗುಬಾಣವಾಯಿತು’ ಎಂದು ಬರೆಯುತ್ತವೆ. ಮನೆಯ ಹಿರಿಯರಾದರೆ ‘ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ’ ಎನ್ನುತ್ತಾರೆ. ಅರ್ಥವನ್ನು ಹೇಳಿ ಮುಗಿಸುವುದೇ ಉದ್ದೇಶವಾದರೆ ಇಷ್ಟು ಸಾಕು. ಆದರೆ ಈ ನುಡಿಗಟ್ಟಿನ ಅಡಿಯಲ್ಲಿ ಒಬ್ಬ ಮನುಷ್ಯ ಹೂತುಹೋಗಿದ್ದಾನೆ. ಪೆಟಾರ್ಡ್ ಎಂಬ ವಸ್ತುವನ್ನು ಯಾರೋ ಒಬ್ಬರು ಹೊತ್ತುಕೊಂಡು ಹೋಗಬೇಕಾಗಿತ್ತು. ಹೊತ್ತವನು ಯಾರು, ಕಳಿಸಿದವನು ಯಾರು, ಕೊನೆಗೆ ಗಾಳಿಗೆ ಹಾರಿದವನು ಯಾರು ಎಂಬ ಪ್ರಶ್ನೆಗಳನ್ನು ಕೇಳಿಕೊಂಡು ಹೋದರೆ ಈ ಮಾತು ನಾವು ಅಂದುಕೊಂಡಷ್ಟು ನೇರವಾಗಿಲ್ಲವೆಂಬುದು ತಿಳಿಯುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಅದನ್ನೇ.

ಹಲವು ವರ್ಷಗಳ ಹಿಂದೆ ತರಗತಿಯಲ್ಲಿ ಈ ಮಾತು ಬಂದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಪೆಟಾರ್ಡ್ ಎಂದರೆ ಧ್ವಜಸ್ತಂಭವೇ ಎಂದು ಕೇಳಿದಳು. ಧ್ವಜ ಏರಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಹಾಯ್ಸ್ಟ್’ ಎನ್ನುತ್ತಾರೆ, ಆದ್ದರಿಂದ ಒಬ್ಬನನ್ನು ಅವನದೇ ಕಂಬಕ್ಕೆ ಏರಿಸಿದರು ಎಂಬುದು ಅವಳ ತರ್ಕವಾಗಿತ್ತು. ಗೊತ್ತಿರುವ ಪದದಿಂದ ಗೊತ್ತಿಲ್ಲದ ಪದದ ಕಡೆಗೆ ನಡೆದ ಆ ತರ್ಕದಲ್ಲಿ ದೋಷವಿರಲಿಲ್ಲ. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳ ಎಷ್ಟೋ ಜನರೂ ಪೆಟಾರ್ಡ್ ಎಂದರೆ ಭರ್ಜಿಯೋ ಶೂಲವೋ ಇರಬೇಕೆಂದು ಊಹಿಸಿಕೊಂಡು, ‘ವಿತ್’ ಎಂಬ ಪದದ ಜಾಗದಲ್ಲಿ ‘ಆನ್’ ಎಂದು ಬರೆಯುತ್ತಾರೆ. ವಸ್ತು ಕಣ್ಮರೆಯಾದ ಮೇಲೂ ಅದರ ಹೆಸರು ಭಾಷೆಯಲ್ಲಿ ಉಳಿದುಕೊಂಡರೆ ಹೀಗೆಯೇ ಆಗುತ್ತದೆ. ಆದ್ದರಿಂದ ಮೊದಲು ವಸ್ತುವನ್ನು ನೋಡೋಣ.

ಪೆಟಾರ್ಡ್ ಎಂಬುದು ಕೋಟೆಯ ಬಾಗಿಲನ್ನು ಒಡೆಯುವುದಕ್ಕೆ ಹದಿನಾರನೆಯ ಶತಮಾನದ ಯುರೋಪಿನಲ್ಲಿ ಬಳಕೆಗೆ ಬಂದ ಸಿಡಿಮದ್ದಿನ ಪಾತ್ರೆ. ಕಂಚಿನಲ್ಲೋ ಕಬ್ಬಿಣದಲ್ಲೋ ಮಾಡಿದ, ಗಂಟೆಯ ಆಕಾರದ ಪಾತ್ರೆಯೊಳಗೆ ಎರಡು ಮೂರು ಕಿಲೋಗ್ರಾಂನಷ್ಟು ಕೋವಿಮದ್ದನ್ನು, ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಪುಡಿಯನ್ನು, ಒತ್ತಿ ತುಂಬಿ, ಬಾಯಿಯನ್ನು ಮುಚ್ಚಿ, ಆ ಬಾಯಿಯ ಕಡೆಯನ್ನು ದಪ್ಪನೆಯ ಮರದ ಹಲಗೆಯೊಂದಕ್ಕೆ ಬಿಗಿಯುತ್ತಿದ್ದರು. ಹಲಗೆಯನ್ನು ಕೋಟೆಯ ಬಾಗಿಲಿಗೆ ಕೊಕ್ಕೆಯಿಂದ ತೂಗುಹಾಕಿ, ಪಾತ್ರೆಯ ಹಿಂಬದಿಯ ರಂಧ್ರದಲ್ಲಿದ್ದ ಬತ್ತಿಗೆ ಕಿಡಿ ತಾಗಿಸಿದರೆ, ಮದ್ದಿನ ಬಲವೆಲ್ಲ ಒಂದೇ ದಿಕ್ಕಿಗೆ ನುಗ್ಗಿ ಬಾಗಿಲನ್ನು ಒಳಕ್ಕೆ ಸೀಳುತ್ತಿತ್ತು. ಭಾರಿ ಫಿರಂಗಿಗಳನ್ನು ಎಳೆದು ತರುವುದಕ್ಕೆ ಕುದುರೆಗಳು ಬೇಕು, ರಸ್ತೆ ಬೇಕು, ದಿನಗಟ್ಟಲೆ ಕಾಲ ಬೇಕು. ಅಷ್ಟರಲ್ಲಿ ಕೋಟೆಯವರು ಎಚ್ಚೆತ್ತಿರುತ್ತಾರೆ. ಪೆಟಾರ್ಡಿಗೆ ಬೇಕಾದದ್ದು ಕತ್ತಲೆ ಮತ್ತು ಎದೆಗಾರಿಕೆಯ ಕೆಲವು ಜನ.

1580ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾವೋರ್ ಪಟ್ಟಣದ ಮೇಲೆ ನಡೆದ ದಾಳಿಯಿಂದ ಈ ಸಾಧನಕ್ಕೆ ದೊಡ್ಡ ಹೆಸರು ಬಂತು. ಪ್ರಾಟೆಸ್ಟಂಟರ ನಾಯಕನಾಗಿದ್ದ, ಮುಂದೆ ನಾಲ್ಕನೆಯ ಹೆನ್ರಿ ಎಂಬ ಹೆಸರಿನಲ್ಲಿ ಫ್ರಾನ್ಸಿನ ದೊರೆಯಾದ ನವಾರದ ಹೆನ್ರಿ, ಆಗಿನ್ನೂ ಇಪ್ಪತ್ತಾರರ ತರುಣ, ಲೋಟ್ ನದಿಯ ಸೇತುವೆಯ ಬಾಗಿಲನ್ನು ರಾತ್ರಿಯ ಹೊತ್ತು ಪೆಟಾರ್ಡುಗಳಿಂದ ಒಡೆಸಿ ಊರೊಳಗೆ ನುಗ್ಗಿದ. ಬಾಗಿಲು ಕ್ಷಣದಲ್ಲಿ ಹೋಯಿತು. ಆಮೇಲೆ ಬೀದಿಬೀದಿಗಳಲ್ಲಿ ಹಲವು ದಿನ ಕಾದಾಡಿದ ಮೇಲೆಯೇ ಊರು ವಶವಾದದ್ದು. ಆ ಬಳಿಕ ಯುರೋಪಿನ ಸೇನೆಗಳೆಲ್ಲ ಪೆಟಾರ್ಡಿನ ಕಡೆಗೆ ತಿರುಗಿ ನೋಡಿದವು, ಮುಂದಿನ ಎರಡು ದಶಕಗಳೊಳಗೆ ಆ ಹೆಸರು ಇಂಗ್ಲಿಷ್ ಬರವಣಿಗೆಯಲ್ಲೂ ಕಾಣಿಸಿಕೊಂಡಿತು. ಫ್ರೆಂಚ್ ಸೈನಿಕರು ಅದಕ್ಕೆ ಆ ಹೆಸರಿಟ್ಟದ್ದು ಸದ್ದಿನಿಂದಾಗಿ. ಅವರ ಭಾಷೆಯಲ್ಲಿ ‘ಪೆತೆ’ ಎಂದರೆ ಹೂಸುವುದು. ಪದ ಈಗಲೂ ಆ ಭಾಷೆಯಲ್ಲಿ ಜೀವಂತವಾಗಿದೆ, ನಾವು ಪಟಾಕಿ ಎನ್ನುವುದನ್ನು ಅವರು ‘ಪೆತಾರ್’ ಎನ್ನುತ್ತಾರೆ. ಸಾವಿನ ಬಾಯಿಗೆ ಹೋಗುವವರು ಸಾವಿನ ಸಾಧನಕ್ಕೆ ಇಂಥ ಹೆಸರುಗಳನ್ನು ಇಡುವುದು ಲೋಕದ ಎಲ್ಲ ಸೇನೆಗಳಲ್ಲಿಯೂ ಉಂಟು. ಅದನ್ನು ಕೀಳು ಅಭಿರುಚಿಯೆಂದು ನಾನು ತಿಳಿಯುವುದಿಲ್ಲ. ಭಯವನ್ನು ಸಹಿಸಿಕೊಳ್ಳುವ ದಾರಿ ಅದು.

ಭಯಕ್ಕೆ ಕಾರಣಗಳಿದ್ದವು. ಪೆಟಾರ್ಡನ್ನು ದೂರದಿಂದ ಎಸೆಯುವಂತಿರಲಿಲ್ಲ. ಅದನ್ನು ಹೊತ್ತವನು ಕೋಟೆಯ ಗೋಡೆಯ ಬುಡಕ್ಕೆ ಹೋಗಬೇಕು, ಮೇಲಿನಿಂದ ಗುಂಡು, ಕಲ್ಲು, ಬೆಂಕಿ ಬೀಳುತ್ತಿರುವಾಗ ಕೊಕ್ಕೆಯನ್ನು ಬಾಗಿಲಿಗೆ ನೆಡಬೇಕು, ಕೈಯಲ್ಲಿ ಉರಿಯುವ ಬತ್ತಿಯನ್ನು ಹಿಡಿದುಕೊಂಡೇ ಮದ್ದಿನ ಪಾತ್ರೆಯ ಪಕ್ಕದಲ್ಲಿ ನಿಂತಿರಬೇಕು. ಬತ್ತಿ ಒದ್ದೆಯಾಗಿದ್ದರೆ ನಿಧಾನವಾಗಿ ಉರಿಯುತ್ತದೆ, ಒಣಗಿದ್ದರೆ ಬೇಗ ಉರಿಯುತ್ತದೆ. ಎಷ್ಟು ಬೇಗ ಎಂಬುದು ಉರಿದ ಮೇಲೆಯೇ ತಿಳಿಯುವುದು. ಕಿಡಿಯೊಂದು ತಪ್ಪಿ ಹಾರಿದರೂ, ಮದ್ದು ಅಂದುಕೊಂಡದ್ದಕ್ಕಿಂತ ಬೇಗ ಹತ್ತಿದರೂ ಮೊದಲು ಹೋಗುವವನು ಅವನೇ. ಈ ನುಡಿಗಟ್ಟಿನಲ್ಲಿರುವ ‘ಹಾಯ್ಸ್ಟ್’ ಎಂಬ ರೂಪ ‘ಹಾಯ್ಸ್’ ಎಂಬ ಹಳೆಯ ಧಾತುವಿನ ಭೂತಕೃದಂತ. ‘ಮೇಲಕ್ಕೆ ಎತ್ತಲ್ಪಟ್ಟ’ ಎಂಬುದು ಅದರ ಅರ್ಥ. ಬಾಗಿಲು ಹಾರಬೇಕಾದ ಕಡೆ ಮನುಷ್ಯ ಹಾರಿದ ಎಂಬುದು ಅಂದಿನ ಕೇಳುಗರಿಗೆ ಅಲಂಕಾರವೆಂದು ತೋರುತ್ತಿರಲಿಲ್ಲ. ಅಂಥ ಸಾವುಗಳ ಸುದ್ದಿ ಅವರ ಕಿವಿಗೆ ಬೀಳುತ್ತಲೇ ಇದ್ದ ಕಾಲ ಅದು.

ಇಲ್ಲಿ ಒಂದು ಕ್ಷಣ ಬೆಂಗಳೂರಿಗೆ ಬರಬೇಕು. ಪೆಟಾರ್ಡಿನ ಮೂಲ ತೊಂದರೆ ಎಂದರೆ ಹೊತ್ತವನಿಗೂ ಸ್ಫೋಟಕ್ಕೂ ನಡುವೆ ಅಂತರವಿಲ್ಲದಿರುವುದು. ಆ ತೊಂದರೆಗೆ ಒಂದು ಪರಿಹಾರವನ್ನು ಕಂಡುಕೊಂಡದ್ದು ನಮ್ಮ ಊರಿನಲ್ಲಿ. ಹಲಸೂರು ಕೆರೆಯ ಬಳಿ ಇಂದಿಗೂ ನೆಲೆಸಿರುವ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ 1912ರಲ್ಲಿ ಸ್ಫೋಟಕ ತುಂಬಿದ ಉದ್ದನೆಯ ಕೊಳವೆಯೊಂದನ್ನು ರೂಪಿಸಿದರು. ಕೊಳವೆಯ ತುಂಡುಗಳನ್ನು ಒಂದಕ್ಕೊಂದು ಜೋಡಿಸುತ್ತ, ತಾನು ಮರೆಯಲ್ಲಿಯೇ ಮಲಗಿ, ಮುಂದಿನ ತುದಿಯನ್ನು ಶತ್ರುವಿನ ಅಡೆತಡೆಯ ಕೆಳಕ್ಕೆ ತಳ್ಳಿ ಸಿಡಿಸಬಹುದಾದ ಈ ಸಾಧನಕ್ಕೆ ‘ಬೆಂಗಳೂರು ಟಾರ್ಪಿಡೊ’ ಎಂಬ ಹೆಸರೇ ನಿಂತಿತು. ಮೊದಲ ಮಹಾಯುದ್ಧದಲ್ಲಿ ಮುಳ್ಳುತಂತಿಯ ಬೇಲಿಗಳನ್ನು ಅದರಿಂದ ಸೀಳಿದರು. 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಅಮೆರಿಕದ ಸೈನಿಕರು ತಂತಿಯ ಸುರುಳಿಗಳ ಕೆಳಗೆ ತಳ್ಳಿದ್ದೂ ಇದನ್ನೇ. ನಾರ್ಮಂಡಿಯ ಕಥೆ ಹೇಳುವ ಇಂಗ್ಲಿಷ್ ಪುಸ್ತಕಗಳಲ್ಲಿ ನಮ್ಮ ಊರಿನ ಹೆಸರು ಹೀಗೆ ಇದ್ದಕ್ಕಿದ್ದಂತೆ ಎದುರಾಗುತ್ತದೆ. ಪೆಟಾರ್ಡಿನಿಂದ ಈ ಕೊಳವೆಯವರೆಗಿನ ಸುಮಾರು ಮುನ್ನೂರು ವರ್ಷಗಳ ಹಾದಿಯನ್ನು, ಮದ್ದು ಹೊರುವವನನ್ನು ಅವನ ಮದ್ದಿನಿಂದಲೇ ಉಳಿಸಿಕೊಳ್ಳುವ ಪ್ರಯತ್ನವೆಂದು ನೋಡಬಹುದು. ಆದರೂ ಆ ಕೊಳವೆಯನ್ನು ತೆವಳಿಕೊಂಡು ಹೋಗಿ ತಳ್ಳುವವನೊಬ್ಬ ಬೇಕೇ ಬೇಕು. ಅಂತರ ಹೆಚ್ಚಿತು, ಹೊರುವವನು ಇಲ್ಲದೆ ಹೋಗಲಿಲ್ಲ.

ಇನ್ನು ನಾಟಕಕ್ಕೆ ಬರೋಣ. ಈ ಮಾತು ಇಂಗ್ಲಿಷಿನಲ್ಲಿ ಬೇರೂರಿದ್ದು ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಮೂರನೆಯ ಅಂಕದ ನಾಲ್ಕನೆಯ ದೃಶ್ಯದಿಂದ. ಅಣ್ಣನ ಕಿವಿಗೆ ವಿಷ ಸುರಿದು ಕೊಂದು ಡೆನ್ಮಾರ್ಕಿನ ಪಟ್ಟವನ್ನೂ ಅತ್ತಿಗೆಯನ್ನೂ ತನ್ನದಾಗಿಸಿಕೊಂಡ ಕ್ಲಾಡಿಯಸ್, ಈಗ ಅಣ್ಣನ ಮಗ ಹ್ಯಾಮ್ಲೆಟನನ್ನು ಇಂಗ್ಲೆಂಡಿಗೆ ಸಾಗಹಾಕಲು ಹೊರಟಿದ್ದಾನೆ. ಜೊತೆಗೆ ಹೋಗುವವರು ಹ್ಯಾಮ್ಲೆಟನ ಬಾಲ್ಯದ ಸಹಪಾಠಿಗಳಾದ ರೋಸೆನ್‌ಕ್ರಾಂಟ್ಸ್ ಮತ್ತು ಗಿಲ್ಡೆನ್‌ಸ್ಟರ್ನ್. ಅವರ ಕೈಯಲ್ಲಿ ಮುದ್ರೆಯೊತ್ತಿದ ಪತ್ರ. ತಾಯಿಯ ಕೋಣೆಯಲ್ಲಿ, ಪರದೆಯ ಹಿಂದೆ ಅಡಗಿದ್ದ ಅರಸನ ಮಂತ್ರಿ ಪೊಲೋನಿಯಸನನ್ನು ಆಗತಾನೆ ಇರಿದು ಕೊಂದು ನಿಂತಿರುವ ಹ್ಯಾಮ್ಲೆಟ್, ಹೆಣದ ಮುಂದೆಯೇ ತಾಯಿಗೆ ಹೇಳುತ್ತಾನೆ: ವಿಷದ ಹಲ್ಲಿರುವ ಹಾವುಗಳನ್ನು ನಂಬುವಷ್ಟೇ ಈ ಗೆಳೆಯರನ್ನು ನಾನು ನಂಬುತ್ತೇನೆ, ನಡೆಯಲಿ, ಮದ್ದಿನ ಯಂತ್ರ ಕಟ್ಟುವವನು ತನ್ನ ಪೆಟಾರ್ಡಿನಿಂದಲೇ ಮೇಲಕ್ಕೆ ಹಾರುವುದನ್ನು ನೋಡುವುದೊಂದು ವಿನೋದ, ಅವರ ಸುರಂಗಕ್ಕಿಂತ ಒಂದು ಗಜ ಆಳಕ್ಕೆ ಅಗೆದು ಅವರನ್ನು ಚಂದ್ರನವರೆಗೆ ಹಾರಿಸಿಬಿಡುತ್ತೇನೆ.

ಈ ಮಾತಿನಲ್ಲಿ ಎರಡು ಚಿತ್ರಗಳು ಹೆಣೆದುಕೊಂಡಿವೆ. ಮೊದಲನೆಯದು ಪೆಟಾರ್ಡ್. ಎರಡನೆಯದು ಸುರಂಗ. ಮುತ್ತಿಗೆ ಹಾಕಿದವರು ಕೋಟೆಯ ಗೋಡೆಯ ಕೆಳಗೆ ಸುರಂಗ ತೋಡಿ ಮದ್ದಿಟ್ಟು ಹಾರಿಸುತ್ತಿದ್ದರು. ಒಳಗಿನವರು ನೆಲದ ಮೇಲೆ ನೀರಿನ ಬಟ್ಟಲುಗಳನ್ನಿಟ್ಟು, ಅವುಗಳ ನಡುಕವನ್ನು ಗಮನಿಸಿ ಎಲ್ಲಿ ಅಗೆಯುತ್ತಿದ್ದಾರೆಂದು ಪತ್ತೆಹಚ್ಚಿ, ತಾವೂ ಪ್ರತಿಸುರಂಗ ತೋಡಿ ಅಗೆಯುವವರನ್ನು ಅಲ್ಲಿಯೇ ಮುಗಿಸುತ್ತಿದ್ದರು. ಎರಡು ಚಿತ್ರಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಪೆಟಾರ್ಡ್ ಸಾಮಾನ್ಯವಾಗಿ ತಾನಾಗಿಯೇ, ಆಕಸ್ಮಿಕವಾಗಿ, ಹೊತ್ತವನನ್ನು ಕೊಲ್ಲುತ್ತದೆ. ಪ್ರತಿಸುರಂಗ ತಾನಾಗಿ ಆಗುವುದಿಲ್ಲ. ಅದಕ್ಕೆ ಇನ್ನೊಬ್ಬ ಅಗೆಯಬೇಕು, ಇನ್ನೊಬ್ಬನ ಬುದ್ಧಿ ಬೇಕು. ನಮ್ಮ ಬಳಕೆಯಲ್ಲಿ ಈ ನುಡಿಗಟ್ಟು ಮೊದಲ ಚಿತ್ರವನ್ನು ಮಾತ್ರ ಉಳಿಸಿಕೊಂಡಿದೆ. ಕೇಡು ಬಗೆದವನಿಗೆ ಕೇಡು ತಾನಾಗಿಯೇ ಒದಗಿತು ಎಂದು ನಾವು ಕೇಳಿಸಿಕೊಳ್ಳುತ್ತೇವೆ. ಅದನ್ನು ಮೊದಲು ಆಡಿದವನಾದರೋ ಸಲಿಕೆಯನ್ನು ಕೈಗೆತ್ತಿಕೊಂಡು ನಿಂತಿದ್ದ.

ಪಠ್ಯದ ಚರಿತ್ರೆಯೂ ಇಲ್ಲಿ ಗಮನಾರ್ಹವಾಗಿದೆ. 1604-05ರಲ್ಲಿ ಅಚ್ಚಾದ ಎರಡನೆಯ ಕ್ವಾರ್ಟೋ, ಅಂದರೆ ಈ ನಾಟಕವೊಂದೇ ಇರುವ ಸಣ್ಣ ಗಾತ್ರದ ಪ್ರತಿಯಲ್ಲಿ ಈ ಸಾಲುಗಳಿವೆ. ಅವನ ನಾಟಕಗಳನ್ನು ಒಟ್ಟುಗೂಡಿಸಿದ ದೊಡ್ಡ ಗಾತ್ರದ ಸಂಪುಟವಾದ 1623ರ ಮೊದಲ ಫೋಲಿಯೋದಲ್ಲಿ ಇಲ್ಲ. ಫೋಲಿಯೋವನ್ನು ಮಾತ್ರ ಓದಿದವರಿಗೆ ಹ್ಯಾಮ್ಲೆಟ್ ಹಡಗಿನಲ್ಲಿ ಮುಂದೆ ಮಾಡುವ ಕೆಲಸ ಆ ರಾತ್ರಿಯ ಆವೇಗದಲ್ಲಿ ಹೊಳೆದದ್ದೆಂದು ತೋರುತ್ತದೆ. ಕ್ವಾರ್ಟೋವನ್ನು ಓದಿದವರಿಗೆ ಅವನು ಹಡಗು ಹತ್ತುವ ಮೊದಲೇ ನಿಶ್ಚಯಿಸಿಕೊಂಡಿದ್ದನೆಂಬುದು ಗೊತ್ತಿರುತ್ತದೆ. ಒಂದೇ ಕೃತ್ಯ, ಆದರೆ ಒಂದರಲ್ಲಿ ಆತ್ಮರಕ್ಷಣೆ, ಇನ್ನೊಂದರಲ್ಲಿ ಪೂರ್ವಯೋಜಿತ ಪ್ರತಿಸುರಂಗ. ಇಂಗ್ಲಿಷಿನ ಇಷ್ಟು ಪ್ರಸಿದ್ಧವಾದ ನುಡಿಗಟ್ಟಿನ ನೆಲೆಯಾಗಿರುವ ಸಾಲುಗಳು ನಾಟಕದ ಎರಡು ಮುಖ್ಯ ಪಠ್ಯಗಳಲ್ಲಿ ಒಂದರಲ್ಲಿ ಮಾತ್ರ ಉಳಿದಿವೆ ಎಂಬುದನ್ನು ನಾನು ಪ್ರತಿ ವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಏಕೆಂದರೆ ಆ ಸಾಲುಗಳು ಇದ್ದರೆ ನಾಯಕನನ್ನು ಪ್ರೀತಿಸುವುದು ಸ್ವಲ್ಪ ಕಷ್ಟವಾಗುತ್ತದೆ, ಆ ಕಷ್ಟವನ್ನು ಅವರು ಅನುಭವಿಸಬೇಕು.

ಹಡಗಿನಲ್ಲಿ ನಡೆದದ್ದೇನು? ನಿದ್ದೆ ಬಾರದ ರಾತ್ರಿಯಲ್ಲಿ ಹ್ಯಾಮ್ಲೆಟ್ ಕತ್ತಲಲ್ಲಿ ತಡವರಿಸಿಕೊಂಡು ಹೋಗಿ ಗೆಳೆಯರ ಬಳಿಯಿದ್ದ ಪತ್ರವನ್ನು ತೆಗೆದು ಓದುತ್ತಾನೆ. ಪತ್ರ ತಂದ ಕೂಡಲೇ ಹ್ಯಾಮ್ಲೆಟನ ತಲೆ ಕಡಿಯಬೇಕೆಂದು ಅದರಲ್ಲಿ ಇಂಗ್ಲೆಂಡಿನ ದೊರೆಗೆ ಬರೆದಿದೆ. ಅವನು ಬೇರೊಂದು ಪತ್ರ ಬರೆಯುತ್ತಾನೆ. ಅಂದವಾದ ಕೈಬರಹ ದೊಡ್ಡವರಿಗೆ ತಕ್ಕದ್ದಲ್ಲವೆಂದು ಒಂದು ಕಾಲದಲ್ಲಿ ತಾನು ಅದನ್ನು ಮರೆಯಲು ಯತ್ನಿಸಿದ್ದೆ, ಆ ರಾತ್ರಿ ಅದೇ ನನಗೆ ನೆರವಾಯಿತು ಎಂದು ಅವನೇ ಆಮೇಲೆ ತನ್ನ ಆಪ್ತ ಹೊರೇಷಿಯೋಗೆ ಹೇಳುತ್ತಾನೆ. ಪತ್ರ ತಂದವರನ್ನು ಪಾಪನಿವೇದನೆಗೂ ಅವಕಾಶ ಕೊಡದೆ ಕೊಲ್ಲಬೇಕೆಂದು ಬರೆದು, ತಂದೆಯ ಮುದ್ರೆಯುಂಗುರ ತನ್ನ ಚೀಲದಲ್ಲಿಯೇ ಇದ್ದುದರಿಂದ ಅದರಿಂದ ಮುದ್ರೆಯೊತ್ತಿ, ಮೊದಲಿದ್ದ ಜಾಗದಲ್ಲಿಯೇ ಇಡುತ್ತಾನೆ. ಮರುದಿನ ಕಡಲ್ಗಳ್ಳರ ಹಡಗು ಎದುರಾಗಿ ಅವನೊಬ್ಬನೇ ಸೆರೆಸಿಕ್ಕು ಡೆನ್ಮಾರ್ಕಿಗೆ ಮರಳುತ್ತಾನೆ. ಗೆಳೆಯರಿಬ್ಬರೂ ಪತ್ರ ಹೊತ್ತುಕೊಂಡು ಇಂಗ್ಲೆಂಡಿಗೆ ಪ್ರಯಾಣ ಮುಂದುವರಿಸುತ್ತಾರೆ.

ಈಗ ಮೊದಲಿನ ಪ್ರಶ್ನೆಯನ್ನು ಕೇಳೋಣ. ಈ ಪೆಟಾರ್ಡನ್ನು ಕಟ್ಟಿದವನು ಕ್ಲಾಡಿಯಸ್. ಬತ್ತಿಗೆ ಬೆಂಕಿಯಿಟ್ಟವನು ಹ್ಯಾಮ್ಲೆಟ್. ಹಾರಿಹೋದವರು ರೋಸೆನ್‌ಕ್ರಾಂಟ್ಸ್ ಮತ್ತು ಗಿಲ್ಡೆನ್‌ಸ್ಟರ್ನ್. ಅವರಿಗೆ ಪತ್ರದಲ್ಲಿ ಏನಿದೆಯೆಂದು ಗೊತ್ತಿತ್ತೇ? ನಾಟಕ ಎಲ್ಲಿಯೂ ಗೊತ್ತಿತ್ತೆಂದು ಹೇಳುವುದಿಲ್ಲ. ಅವರು ಅರಸನ ಮೆಚ್ಚುಗೆಗಾಗಿ ಗೆಳೆಯನ ಮೇಲೆ ಕಣ್ಣಿಟ್ಟವರು ಎಂಬುದು ನಿಜ, ಆ ಸಣ್ಣತನವನ್ನು ಯಾರೂ ಮರೆಮಾಚಬೇಕಾಗಿಲ್ಲ. ಆದರೆ ಸಣ್ಣತನಕ್ಕೆ ಶಿರಚ್ಛೇದವೇ? ಹೊರೇಷಿಯೋ ಕೂಡ ಹಾಗಾದರೆ ಅವರಿಬ್ಬರೂ ಹೋದರು ಎಂಬಷ್ಟೇ ಅರ್ಥದ ಮಾತನ್ನು ಆಡುತ್ತಾನೆ. ಆ ಮಾತಿನಲ್ಲಿ ಒಂದು ಬೆರಗು, ಬಹುಶಃ ಒಂದು ಆಕ್ಷೇಪಣೆ ಇರುವಂತೆ ನನಗೆ ಕೇಳಿಸುತ್ತದೆ. ಏಕೆಂದರೆ ಅದಕ್ಕೆ ಹ್ಯಾಮ್ಲೆಟ್ ಕೊಡುವ ಉತ್ತರ ಸಮಜಾಯಿಷಿಯ ಧಾಟಿಯದು: ಆ ಕೆಲಸವನ್ನು ಅವರೇ ಮೋಹಿಸಿದರು, ಅವರು ನನ್ನ ಅಂತಃಸಾಕ್ಷಿಯ ಸಮೀಪಕ್ಕೂ ಬರುವುದಿಲ್ಲ.

ಶೇಕ್ಸ್‌ಪಿಯರನಿಗಿಂತ ಸುಮಾರು ನಾಲ್ಕು ಶತಮಾನ ಹಿಂದೆ ಡೆನ್ಮಾರ್ಕಿನ ಸ್ಯಾಕ್ಸೋ ಎಂಬ ಚರಿತ್ರಕಾರ ಲ್ಯಾಟಿನ್ನಿನಲ್ಲಿ ಬರೆದಿಟ್ಟ ಹಳೆಯ ಕಥೆಯಲ್ಲಿಯೂ ಈ ಪ್ರಸಂಗವಿದೆ. ಅಲ್ಲಿ ಪತ್ರ ಮರದ ಮೇಲೆ ಕೊರೆದದ್ದು. ಆಮ್ಲೆತ್ ಎಂಬ ಆ ಕಥೆಯ ರಾಜಕುಮಾರ ಅಕ್ಷರಗಳನ್ನು ಕೆರೆದು ತಿದ್ದಿ, ಸಂಗಾತಿಗಳ ಕೊಲೆಯ ಜೊತೆಗೆ ದೊರೆಯ ಮಗಳನ್ನು ತನಗೆ ಮದುವೆ ಮಾಡಿಕೊಡಬೇಕೆಂದೂ ಸೇರಿಸುತ್ತಾನೆ. ಅವರು ಸತ್ತ ಮೇಲೆ ತನಗೆ ಅನ್ಯಾಯವಾಯಿತೆಂದು ನಟಿಸಿ ದೊರೆಯಿಂದ ಪರಿಹಾರದ ಚಿನ್ನವನ್ನು ಪಡೆದು, ಕರಗಿಸಿ, ಟೊಳ್ಳು ಕೋಲುಗಳಲ್ಲಿ ತುಂಬಿಸಿಕೊಳ್ಳುತ್ತಾನೆ. ಹಳೆಯ ಕಥೆಗೆ ಸತ್ತ ಸಂಗಾತಿಗಳ ಬಗ್ಗೆ ಯಾವ ಚಿಂತೆಯೂ ಇಲ್ಲ. ಶೇಕ್ಸ್‌ಪಿಯರ್ ಅವರಿಗೆ ಹೆಸರು ಕೊಟ್ಟ, ಬಾಲ್ಯದ ಗೆಳೆತನ ಕೊಟ್ಟ, ಮಾತು ಕೊಟ್ಟ. ಹೊರೇಷಿಯೋನ ಬಾಯಲ್ಲಿ ಅವರ ಹೆಸರುಗಳನ್ನು ಒಮ್ಮೆ ಹೇಳಿಸಿದ.

ಕನ್ನಡದಲ್ಲಿ ಓದಿ ಬೆಳೆದವರು ಇಷ್ಟು ಹೊತ್ತಿಗೆ ಇನ್ನೊಂದು ಪತ್ರವನ್ನು ನೆನಪಿಸಿಕೊಂಡಿರುತ್ತಾರೆ. ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸನ ಕಥೆ ಗಮಕದಲ್ಲಿ, ಯಕ್ಷಗಾನದಲ್ಲಿ, ಅಜ್ಜಿಯರ ಬಾಯಲ್ಲಿ ನಮಗೆ ತಲೆಮಾರುಗಳಿಂದ ಬಂದದ್ದು. ಮಂತ್ರಿ ದುಷ್ಟಬುದ್ಧಿ ಚಂದ್ರಹಾಸನ ಕೈಯಲ್ಲಿಯೇ ತನ್ನ ಮಗ ಮದನನಿಗೆ ಪತ್ರ ಕಳಿಸುತ್ತಾನೆ; ತಂದವನಿಗೆ ವಿಷ ಕೊಡಬೇಕೆಂಬುದು ಅದರ ಸಾರ. ಊರ ಹೊರಗಿನ ಉದ್ಯಾನದಲ್ಲಿ ಚಂದ್ರಹಾಸ ಮಲಗಿ ನಿದ್ದೆಹೋಗಿರುವಾಗ ಮಂತ್ರಿಯ ಮಗಳು ವಿಷಯೆ ಅವನನ್ನು ಕಂಡು ಮನಸೋತು, ಪತ್ರವನ್ನು ಓದಿ, ವಿಷವನ್ನು ಎಂದಿದ್ದಲ್ಲಿ ವಿಷಯೆಯನ್ನು ಎಂದಾಗುವಂತೆ ಅಕ್ಷರ ತಿದ್ದುತ್ತಾಳೆ. ಸಾವಿನ ಪತ್ರ ಲಗ್ನಪತ್ರಿಕೆಯಾಗುತ್ತದೆ. ಹ್ಯಾಮ್ಲೆಟ್ ತಿದ್ದಿದ ಪತ್ರ ಸಾವನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿದರೆ, ವಿಷಯೆ ತಿದ್ದಿದ ಪತ್ರದಲ್ಲಿ ಸಾವೇ ಅಳಿಸಿಹೋಗುತ್ತದೆ. ಸಂಚನ್ನು ಮುರಿಯುವುದಕ್ಕೆ ಹೀಗೂ ಒಂದು ದಾರಿಯುಂಟೆಂದು ತೋರಿಸಿದ ಆ ಹುಡುಗಿಯ ಕೈಯನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮರಳಿ ಬಂದ ದುಷ್ಟಬುದ್ಧಿ ಕೊಲೆಗಾರರನ್ನು ಚಂಡಿಕೆಯ ಗುಡಿಯಲ್ಲಿ ಅಡಗಿಸಿಟ್ಟು, ಹೊಸ ಅಳಿಯ ಒಬ್ಬನೇ ಹೋಗಿ ದೇವಿಯನ್ನು ಪೂಜಿಸಬೇಕೆಂಬುದು ಮನೆತನದ ಸಂಪ್ರದಾಯವೆಂದು ಹೇಳಿ ಚಂದ್ರಹಾಸನನ್ನು ಕಳಿಸುತ್ತಾನೆ. ದಾರಿಯಲ್ಲಿ ಎದುರಾದ ಮದನ, ಅರಸನಿಂದ ಭಾವನಿಗೆ ಕರೆ ಬಂದಿದೆಯೆಂದು ತಿಳಿಸಿ, ಪೂಜಾದ್ರವ್ಯಗಳನ್ನು ತಾನೇ ತೆಗೆದುಕೊಂಡು ಗುಡಿಗೆ ಹೋಗುತ್ತಾನೆ. ಕತ್ತಲಲ್ಲಿ ಕತ್ತಿ ಅವನ ಮೇಲೆ ಬೀಳುತ್ತದೆ. ತಂದೆ ಹೆಣೆದ ಬಲೆಗೆ ಏನೂ ಅರಿಯದ ಮಗ ಸಿಕ್ಕ. ಮದನ ಹೊತ್ತಿದ್ದ ಹೂವು ಹಣ್ಣಿನ ತಟ್ಟೆಯೇ ಆ ರಾತ್ರಿಯ ಪೆಟಾರ್ಡ್. ದುಷ್ಟಬುದ್ಧಿ ಮಗನ ಹೆಣದ ಮುಂದೆ ತಾನೂ ಪ್ರಾಣ ಬಿಡುತ್ತಾನೆ. ಕೊನೆಗೆ ಚಂದ್ರಹಾಸನ ಪ್ರಾರ್ಥನೆಗೆ ಒಲಿದ ದೇವಿ ಇಬ್ಬರನ್ನೂ ಬದುಕಿಸುತ್ತಾಳೆ. ‘ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ’ ಎಂದು ಈ ಕಥೆಯ ಬಗ್ಗೆ ಹೇಳುವವರು ಮದನನನ್ನು ಮರೆತಿರುತ್ತಾರೆ. ದೇವಿಯ ವರದಿಂದಲ್ಲದೆ ಸರಿಪಡಿಸಲಾಗದ ನಷ್ಟ ಅದು ಎಂಬುದನ್ನು ಕಥೆ ಕಟ್ಟಿದವರು ಬಲ್ಲವರಾಗಿದ್ದರು.

ಹ್ಯಾಮ್ಲೆಟನ ಪ್ರತಿಸುರಂಗಕ್ಕೂ ನಮ್ಮಲ್ಲಿ ಜೋಡಿಯಿದೆ, ಅದೂ ರೂಪಕವಾಗಿ ಅಲ್ಲ, ನೆಲ ಅಗೆದೇ. ವಾರಣಾವತದಲ್ಲಿ ದುರ್ಯೋಧನನ ಆಜ್ಞೆಯಂತೆ ಪುರೋಚನ ಅರಗಿನ ಮನೆಯನ್ನು ಕಟ್ಟಿದ. ಕೃಷ್ಣಪಕ್ಷದ ಚತುರ್ದಶಿಯ ರಾತ್ರಿ ಅದಕ್ಕೆ ಬೆಂಕಿಯಿಡುವುದು ಅವನ ಹೂಟ. ವಿದುರ ಕಳಿಸಿದ ಖನಕನೊಬ್ಬ ಬಂದು, ಮನೆಯ ನಡುವೆ ಗುಟ್ಟಾಗಿ ಸುರಂಗ ತೋಡಿ, ಬಾಯಿಗೆ ನೆಲಮಟ್ಟಕ್ಕೆ ಸರಿಯಾಗಿ ಹಲಗೆ ಮುಚ್ಚಿಕೊಟ್ಟ. ಕೊನೆಗೆ ಒಂದು ರಾತ್ರಿ ಭೀಮನೇ ಮೊದಲು ಬೆಂಕಿಯಿಟ್ಟ. ಪುರೋಚನ ತಾನು ಕಟ್ಟಿದ ಮನೆಯಲ್ಲಿಯೇ ಬೆಂದ. ಇದಕ್ಕಿಂತ ನಿಖರವಾದ ಉದಾಹರಣೆ ಯಾವ ಸಾಹಿತ್ಯದಲ್ಲಿ ಸಿಕ್ಕೀತು? ಆದರೂ ಎರಡು ಸಂಗತಿಗಳನ್ನು ಬಿಡುವಂತಿಲ್ಲ. ಪುರೋಚನ ಕಟ್ಟಿದವನೇ ಹೊರತು ಕಟ್ಟಿಸಿದವನಲ್ಲ. ಕಟ್ಟಿಸಿದವನು ಹಸ್ತಿನಾವತಿಯಲ್ಲಿ ಸುಖವಾಗಿದ್ದ. ಇನ್ನೊಂದು ಸಂಗತಿ ಇನ್ನೂ ಭಾರವಾದದ್ದು. ಆ ರಾತ್ರಿ ಕುಂತಿ ನಡೆಸಿದ ಸಂತರ್ಪಣೆಗೆ ಬಂದು, ಉಂಡು, ಕುಡಿದು, ಅಲ್ಲಿಯೇ ಮಲಗಿದ್ದ ಒಬ್ಬ ಬೇಡರ ಹೆಂಗಸೂ ಅವಳ ಐದು ಮಕ್ಕಳೂ ಅದೇ ಬೆಂಕಿಯಲ್ಲಿ ಸತ್ತರು. ಅವರ ಮೂಳೆಗಳನ್ನು ಕಂಡು ಲೋಕ ಪಾಂಡವರು ಸತ್ತರೆಂದು ನಂಬಿತು. ವ್ಯಾಸಭಾರತ ಅವರ ಹೆಸರನ್ನು ಹೇಳುವುದಿಲ್ಲ, ಆದರೆ ಅವರ ಸಂಖ್ಯೆಯನ್ನು ಮುಚ್ಚಿಡುವುದಿಲ್ಲ.

ಭಸ್ಮಾಸುರನ ಹೆಸರನ್ನು ಯಾರಾದರೂ ಎತ್ತಬಹುದೆಂದು ನನಗೆ ಗೊತ್ತಿದೆ. ಯಾಣದ ಕರಿಬಂಡೆಗಳ ಮುಂದೆ ನಿಂತು ಆ ಕಥೆ ಕೇಳಿದವರು ಅದನ್ನು ಮರೆಯಲಾರರು. ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡು ಬೂದಿಯಾದ ಅವನು ಈ ನುಡಿಗಟ್ಟಿನ ಅರ್ಥಕ್ಕೆ ಚೆನ್ನಾಗಿಯೇ ಒಗ್ಗುತ್ತಾನೆ. ಆದರೆ ಆ ಉರಿಗೈಯನ್ನು ರೂಪಿಸಿದವನು ಭಸ್ಮಾಸುರನಲ್ಲ, ವರವಾಗಿ ಕೊಟ್ಟ ಶಿವ. ತಾನೇ ಕೊಟ್ಟ ಶಕ್ತಿಗೆ ಹೆದರಿ ಮೊದಲು ಓಡಬೇಕಾಗಿ ಬಂದವನೂ ಶಿವನೇ. ಕೊಟ್ಟವನು ಉಳಿದುಕೊಂಡ, ಪಡೆದವನು ಹೋದ.

ಹಾಗಾದರೆ ಈ ಇಂಗ್ಲಿಷ್ ಮಾತನ್ನು ಕನ್ನಡಕ್ಕೆ ತರುವಾಗ ಏನು ಮಾಡಬೇಕು? ದಿನಪತ್ರಿಕೆಯ ವಾಕ್ಯಕ್ಕೆ ‘ತಿರುಗುಬಾಣ’ ಸಾಕು. ನಾಟಕದ ಅನುವಾದಕ್ಕೆ ಸಾಲದು. ಬಾಣ ಕೈಬಿಟ್ಟು ದೂರ ಹೋಗಿ ಹಿಂದಿರುಗುತ್ತದೆ, ಪೆಟಾರ್ಡ್ ಕೈಯನ್ನು ಬಿಡುವುದೇ ಇಲ್ಲ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬುದು ಬದುಕಿನ ಎಲ್ಲ ಕರ್ಮಕ್ಕೂ ಅನ್ವಯಿಸುವ ದೊಡ್ಡ ಮಾತು, ಅದರಲ್ಲಿ ಸಾಧನವಿಲ್ಲ, ಸಂಚಿಲ್ಲ. ತೋಡಿದ ಹಳ್ಳ ಸುರಂಗಕ್ಕೆ ಹತ್ತಿರ, ಆದರೆ ಅದರಲ್ಲಿ ಬೆಂಕಿಯಿಲ್ಲ. ಬಹಳ ಕಾಲ ಯೋಚಿಸಿದ ಮೇಲೆ ‘ಮದ್ದು’ ಎಂಬ ನಮ್ಮ ಪದದ ಬಳಿ ನಾನು ನಿಂತಿದ್ದೇನೆ. ಕೋವಿಗೆ ತುಂಬುವುದೂ ಮದ್ದು. ರೋಗಕ್ಕೆ ಕೊಡುವುದೂ ಮದ್ದು. ಆಗದವರ ಅನ್ನದಲ್ಲಿ ಗುಟ್ಟಾಗಿ ಬೆರೆಸುತ್ತಾರೆಂದು ಹಳ್ಳಿಗಳಲ್ಲಿ ಹೆದರುವ ಇಡುಮದ್ದೂ ಮದ್ದೇ. ಮದ್ದಿಡುವುದು ಎಂದರೆ ಬಂಡೆ ಸಿಡಿಸುವವನ ಕೆಲಸವೂ ಹೌದು, ವಿಷವಿಕ್ಕುವವನ ಕೆಲಸವೂ ಹೌದು. ಕಿವಿಯಲ್ಲಿ ಸುರಿದ ವಿಷದಿಂದ ಮೊದಲಾಗಿ ಬಟ್ಟಲಿನ ವಿಷ, ಕತ್ತಿಯಲಗಿನ ವಿಷಗಳಿಂದ ಮುಗಿಯುವ ಈ ನಾಟಕದಲ್ಲಿ ‘ತಾನಿಟ್ಟ ಮದ್ದಿಗೆ ತಾನೇ ಹೋದ’ ಎಂದರೆ ಸಿಡಿಮದ್ದೂ ವಿಷವೂ ಒಂದೇ ಮಾತಿನಲ್ಲಿ ಬಂದು ಕೂಡುತ್ತವೆ. ಇಂಗ್ಲಿಷಿನ ಮೂಲದಲ್ಲಿಯೂ ಇಲ್ಲದ ಒಂದು ಕೂಡಲು ಇದು, ಕನ್ನಡ ತನ್ನ ಕಡೆಯಿಂದ ಕೊಡಬಹುದಾದದ್ದು.

ಆ ಕೊನೆಯ ದೃಶ್ಯದಲ್ಲಿ ಹೂಟ ಹೂಡಿದವರೂ ಹೋಗುತ್ತಾರೆ, ನಿಜ. ಹ್ಯಾಮ್ಲೆಟನನ್ನು ಕೊಲ್ಲಲು ವಿಷ ಸವರಿದ ಕತ್ತಿಯನ್ನು ಹಿಡಿದು ಬಂದ ಪೊಲೋನಿಯಸನ ಮಗ ಲೇಯರ್ಟೀಸ್, ಕಾದಾಟದ ನಡುವೆ ಕತ್ತಿಗಳು ಅದಲುಬದಲಾಗಿ ಅದೇ ಅಲಗಿನಿಂದ ಗಾಯಗೊಂಡು, ತಾನೊಡ್ಡಿದ ಉರುಳಿಗೆ ಸಿಕ್ಕ ಹಕ್ಕಿಯಂತಾದೆನೆಂದು ಒಪ್ಪಿಕೊಳ್ಳುತ್ತಾನೆ. ಕ್ಲಾಡಿಯಸನಿಗೆ ಅವನ ಕತ್ತಿಯೂ ಅವನ ಬಟ್ಟಲೂ ಎರಡೂ ಒದಗುತ್ತವೆ. ಆದರೆ ಆ ಬಟ್ಟಲಿನಿಂದ ಮೊದಲು ಕುಡಿದವಳು ಏನೂ ಅರಿಯದ ಗರ್ಟ್ರೂಡ್, ಹ್ಯಾಮ್ಲೆಟನ ತಾಯಿ. ಎಲ್ಲರೂ ಸತ್ತು ಬಿದ್ದಿರುವಾಗ ಇಂಗ್ಲೆಂಡಿನ ರಾಯಭಾರಿ ಒಳಗೆ ಬರುತ್ತಾನೆ. ಅಪ್ಪಣೆಯಂತೆ ರೋಸೆನ್‌ಕ್ರಾಂಟ್ಸ್ ಮತ್ತು ಗಿಲ್ಡೆನ್‌ಸ್ಟರ್ನ್ ಸತ್ತಿದ್ದಾರೆಂದು ತಿಳಿಸಲು ಅವನು ಅಷ್ಟು ದೂರ ಕಡಲು ದಾಟಿ ಬಂದಿದ್ದಾನೆ. ಕೇಳಬೇಕಾದ ಕಿವಿಗಳು ಈಗ ಕೇಳಲಾರವು. ನಮಗೆ ಕೃತಜ್ಞತೆ ಹೇಳುವವರು ಯಾರು ಎಂದು ಅವನು ಕೇಳುತ್ತಾನೆ. ಹೊರೇಷಿಯೋ ಸತ್ತ ಅರಸನ ಕಡೆ ತೋರಿಸಿ, ಬದುಕಿದ್ದರೂ ಆ ಬಾಯಿಯಿಂದ ಕೃತಜ್ಞತೆ ಬರುತ್ತಿರಲಿಲ್ಲ, ಅವರನ್ನು ಕೊಲ್ಲಲು ಅವನು ಎಂದೂ ಅಪ್ಪಣೆ ಕೊಟ್ಟಿರಲಿಲ್ಲ ಎನ್ನುತ್ತಾನೆ. ಹಾಗಾದರೆ ಅಪ್ಪಣೆ ಕೊಟ್ಟವರು ಯಾರೆಂಬುದನ್ನು ಆ ಗಳಿಗೆಯಲ್ಲಿ ಅವನು ಹೇಳುವುದಿಲ್ಲ.